ಸೂತಕದ ಆಕಳು

ಹಸುವಿಗೆ ಕಾಯಿಲೆ ಬಂದಿದೆ ಎಂಬುದು ಹಸುವಿಗೇ ತಿಳಿಯುವ ಮೊದಲು ಅದರ ಕೊರಳಿನ ಗಂಟೆಗೆ ತಿಳಿಯುವಂತಿದ್ದರೆ ಹೇಗೆ? ನೀಲವ್ವನ ತಲೆಯೊಳಗೆ ಈ ಹುಳ ಹೊಕ್ಕಿದ್ದು ಅವಳು ಪಶುವೈದ್ಯಕೀಯ ಮುಗಿಸಿ ಊರಿಗೆ ಮರಳಿದ ಹೊಸತರಲ್ಲಿ. ಊರು ಎಂದರೆ ತೆರೋಲ್. ಹಿಂದೂ ಮಹಾಸಾಗರದ ನಡುವೆ ಮೂರು ದ್ವೀಪಗಳ ಒಂದು ದೇಶ. ಭೂಪಟದಲ್ಲಿ ಹುಡುಕಲು ಹೋದರೆ ಪೆನ್ಸಿಲಿನ ಮೊನೆಯಡಿ ಮುಚ್ಚಿಹೋಗುವಷ್ಟು ಸಣ್ಣದು.

ಅಂಥ ದೇಶದಲ್ಲಿ ಕನ್ನಡದವರು ಹೇಗೆ ಎಂದು ಕೇಳಬಹುದು. ಕಬ್ಬಿನ ತೋಟಗಳ ಕಾಲದಲ್ಲಿ ಬಿಳಿಯರು ವಿಜಾಪುರದ ಕಡೆಯಿಂದ ಗಾಡಿ ಹೊಡೆಯುವವರನ್ನು, ಅವರ ದನಗಳ ಸಮೇತ, ಹಡಗಿನಲ್ಲಿ ತುಂಬಿಕೊಂಡು ಬಂದಿದ್ದರು. ಬಿಳಿಯರು ಹೋದರು, ಕಬ್ಬೂ ಹೋಯಿತು. ಗಾಡಿಯವರೂ ದನಗಳೂ ಉಳಿದುಕೊಂಡರು. ಬೆಟ್ಟದ ಮಗ್ಗುಲಲ್ಲಿ ಕಟ್ಟಿಕೊಂಡ ಹಳ್ಳಿಗೆ ಸಣ್ಣ ಬಾಗೇವಾಡಿ ಎಂದು ಹೆಸರಿಟ್ಟರು. ಈಗ ದೇಶ ಬದುಕಿರುವುದೇ ಹಾಲಿನ ಮೇಲೆ. ಇಲ್ಲಿಂದ ಹಾಲಿನ ಪುಡಿ ಹೇರಿಕೊಂಡು ಹೋದ ಹಡಗು ಅಕ್ಕಿ, ಜೋಳ, ಔಷಧಿ ಹೇರಿಕೊಂಡು ಬರುತ್ತದೆ. ಹಡಗು ನಿಂತರೆ ಒಲೆ ನಿಂತ ಹಾಗೆ.

ಆದ್ದರಿಂದ ದನಗಳ ಮೇಲೆ ಸರ್ಕಾರಕ್ಕೆ ಹೆತ್ತ ತಾಯಿಗಿಂತ ಹೆಚ್ಚಿನ ಕಾಳಜಿ. ಮೊದಲು ಪ್ರತಿ ಹಸುವಿನ ಕಿವಿಗೂ ಒಂದು ಯಂತ್ರದ ಬಿಲ್ಲೆ ಚುಚ್ಚಿದರು. ಹಸುವಿನ ಕಿವಿ ಹರಿಯುವುದನ್ನು ನೋಡಲಾರದ ಹೆಂಗಸರು ಬಿಲ್ಲೆಗಳನ್ನು ಕತ್ತರಿಸಿ ಸಮುದ್ರಕ್ಕೆ ಎಸೆದರು. ಒಂದಷ್ಟು ದಿನ ಕಂಟ್ರೋಲ್ ರೂಮಿನ ಪರದೆಯ ಮೇಲೆ ತೆರೋಲಿನ ಅರ್ಧ ದನಗಳು ಸಮುದ್ರದಲ್ಲಿ ಈಜುತ್ತಿದ್ದವು. ಆಗ ನೀಲವ್ವ ಒಂದು ಗಂಟೆ ಮಾಡಿದಳು. ನೋಡಲು ಹಿತ್ತಾಳೆಯ ಗಂಟೆಯೇ, ಸದ್ದೂ ಹಾಗೆಯೇ. ಆದರೆ ಅದರ ನಾಲಗೆಯೊಳಗೆ ಸಣ್ಣದೊಂದು ಕೇಳುವ ಯಂತ್ರವಿತ್ತು. ಹಸು ಮೆಲುಕು ಹಾಕುವ ಸದ್ದು, ಉಸಿರಾಟ, ಕೊರಳಿನ ಬಿಸಿ, ಇವನ್ನೆಲ್ಲ ಅದು ಬೆಟ್ಟದ ಮೇಲಿನ ಗೋಪುರಕ್ಕೆ ಕಳಿಸುತ್ತಿತ್ತು. ಒಂದೊಂದು ಹಸುವಿನ ಮೆಲುಕಿಗೂ ಅದರದೇ ಲಯವಿದೆ, ನಮ್ಮ ನಿಮ್ಮ ನಡಿಗೆಗೆ ಇರುವ ಹಾಗೆ. ಕಾಯಿಲೆ ಮೈಗೆ ಇಳಿಯುತ್ತಿದ್ದಂತೆ ಮೊದಲು ತಪ್ಪುವುದು ಆ ಲಯ. ಜ್ವರ ಆಮೇಲಿನ ಮಾತು. ಲಯ ಯಾವ ಹಸುವಿನದೆಂದು ಗಂಟೆ ನೋಡುತ್ತಿರಲಿಲ್ಲ, ಮುರಿಯದೆ ನಡೆದರೆ ಪರದೆಯ ಮೇಲೆ ಹಸಿರು ಚುಕ್ಕೆ, ತಪ್ಪಿದರೆ ಹಳದಿ, ಗಂಟೆ ಸುಮ್ಮನಾದರೆ ಕೆಂಪು.

ಗಂಟೆಯನ್ನು ಯಾರು ಬೇಡವೆನ್ನುತ್ತಾರೆ? ಜನ ಅರಿಸಿನ ಕುಂಕುಮ ಹಚ್ಚಿ ಕಟ್ಟಿದರು. ನೀಲವ್ವನಿಗೆ ಗಂಟಿ ಡಾಕ್ಟರ್ ಎಂದು ಹೆಸರು ಬಿತ್ತು. ತನ್ನ ಜನರನ್ನು ತಾನಲ್ಲದೆ ಇನ್ಯಾರು ಬಲ್ಲರು ಎಂಬ ಹೆಮ್ಮೆ ಅವಳಿಗಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಿರಲಿಲ್ಲ.

ಆ ವರ್ಷ ಚಂಡಮಾರುತ ಹೋದ ಮೇಲೆ ಅವಳ ತಂದೆ ತೀರಿಕೊಂಡರು. ಹಣಮಂತ ಮಾಸ್ತರರು ಎಂದರೆ ಸಣ್ಣ ಬಾಗೇವಾಡಿಯ ಅರ್ಧ ಊರಿಗೆ ಅಕ್ಷರ ಕಲಿಸಿದವರು. ನೀಲವ್ವ ಪೋರ್ತ್ ಬ್ಲಾಂಶ್ ಬಂದರಿನ ಕಂಟ್ರೋಲ್ ರೂಮಿನಿಂದ ರಜೆ ಹಾಕಿ ಊರಿಗೆ ಬಂದಳು.

ಸಾವಿನ ಮನೆಯಲ್ಲಿ ಸೂತಕ ಕಳೆಯುವವರೆಗೆ ಒಲೆ ಹಚ್ಚುವುದಿಲ್ಲ. ಇದು ಎಲ್ಲ ಕಡೆಯೂ ಸ್ವಲ್ಪ ಹೆಚ್ಚು ಕಡಿಮೆ ಇರುವ ಪದ್ಧತಿ. ಆದರೆ ತೆರೋಲಿನವರಿಗೆ ಇನ್ನೊಂದು ಪದ್ಧತಿ ಇದೆ. ಸಾವಾದ ಮರುದಿನ ಬೆಳಕು ಹರಿಯುವ ಮುಂಚೆ ಯಾರೋ ಒಬ್ಬರು ತಮ್ಮ ಕರೆಯುವ ಹಸುವನ್ನು ತಂದು ಸಾವಿನ ಮನೆಯ ಅಂಗಳದ ಗೂಟಕ್ಕೆ ಕಟ್ಟಿ ಹೋಗುತ್ತಾರೆ. ಅದು ಸೂತಕದ ಆಕಳು. ಸೂತಕ ಮುಗಿಯುವ ತನಕ ಆ ಮನೆಯವರಿಗೆ ಅದರ ಹಾಲೇ ಊಟ. ಓಣಿಯವರೆಲ್ಲ ದಿನಾ ಬೆಳಗ್ಗೆ ಒಂದು ಹಿಡಿ ಹುಲ್ಲು ತಂದು ಅದರ ಮುಂದೆ ಹಾಕಿ, ಮಾತಾಡದೆ ಹೋಗುತ್ತಾರೆ. ಹಸು ಯಾರದೆಂದು ಕೇಳಬಾರದು. ಕೊಟ್ಟವರು ಹೇಳಬಾರದು. ಗೊತ್ತಿದ್ದರೂ ಗೊತ್ತಿಲ್ಲದಂತೆ ಇರಬೇಕು. ಸೂತಕ ಮುಗಿಯುವಾಗ ಇನ್ನೆಲ್ಲಾದರೂ ಸಾವಾಗಿದ್ದರೆ ಹಸು ಅಲ್ಲಿಂದಲೇ ಆ ಮನೆಗೆ ಹೋಗುತ್ತದೆ, ಇಲ್ಲವಾದರೆ ಬಂದ ಹಾಗೆಯೇ ಕತ್ತಲಲ್ಲಿ ಮನೆಗೆ ಮರಳುತ್ತದೆ. ಹಡಗಿನಲ್ಲಿ ಬರುವಾಗ ತಾಯಿ ಸತ್ತ ಕೂಸೊಂದನ್ನು ಯಾರದೋ ಹಸು ಬದುಕಿಸಿತಂತೆ, ಪದ್ಧತಿ ಅಲ್ಲಿಂದ ಬಂತಂತೆ.

ನೀಲವ್ವನ ತಾಯಿ ಅವಳನ್ನು ಹೆತ್ತು ತೀರಿಕೊಂಡಾಗಲೂ ಅಂಗಳಕ್ಕೆ ಹಸು ಬಂದಿತ್ತು. ಅವಳು ಕುಡಿದ ಮೊದಲ ಹಾಲು ಅದರದು. ಈಗ ತಂದೆ ಹೋದಾಗ ಬಂದದ್ದು ಹಣೆಯಲ್ಲಿ ಚಂದ್ರನಂಥ ಬಿಳಿ ಮಚ್ಚೆಯಿದ್ದ ಕಂದು ಹಸು. ಕೊರಳಲ್ಲಿ ಗಂಟೆಯಿರಲಿಲ್ಲ. ಸೂತಕದ ಮನೆಗೆ ಸದ್ದು ಸಲ್ಲದು ಎಂದು ಗಂಟೆ ಬಿಚ್ಚಿಯೇ ಕಳಿಸುತ್ತಾರೆ. ನೀಲವ್ವ ಅದರ ಕೊರಳಿಗೆ ಒರಗಿ ನಿಂತು ಅತ್ತಳು. ಅದರ ಹಾಲು ಕುಡಿದಳು. ಡಾಕ್ಟರ್ ಎಂಬುದು ಆ ದಿನಗಳಲ್ಲಿ ಅವಳಿಗೆ ನೆನಪಿರಲಿಲ್ಲ. ಸೂತಕ ಮುಗಿದ ಮುಂಜಾನೆ ಎದ್ದು ನೋಡಿದರೆ ಗೂಟ ಖಾಲಿಯಾಗಿತ್ತು. ಅವಳು ಬಂದರಿಗೆ ಮರಳಿದಳು.

ಆಮೇಲೆ ತುಂಬಾ ದಿನವೇನೂ ಆಗಿರಲಿಲ್ಲ, ಸಣ್ಣ ಬಾಗೇವಾಡಿಯಿಂದ ಒಂದು ಸುದ್ದಿ ಬಂತು. ಕಡಲಂಚಿನ ದುರಗವ್ವನ ಅಂಗಳದಲ್ಲಿ ಹಸುವೊಂದು ಬಿದ್ದು ಸತ್ತಿದೆ, ಮೂಗಿನಿಂದ ನೊರೆ ಬಂದಿದೆ. ನೀಲವ್ವ ಪರದೆ ನೋಡಿದಳು. ಮೂರೂ ದ್ವೀಪಗಳ ತುಂಬ ಹಸಿರು ಚುಕ್ಕೆಗಳು. ಕೆಂಪು ಒಂದೂ ಇಲ್ಲ, ಹಳದಿ ಒಂದೂ ಇಲ್ಲ. ಪರದೆಯ ಲೆಕ್ಕದಲ್ಲಿ ತೆರೋಲಿನ ಯಾವ ಹಸುವೂ ಸತ್ತಿರಲಿಲ್ಲ.

ದುರಗವ್ವನ ಗಂಡ ತೀರಿಕೊಂಡು ಇನ್ನೂ ಸೂತಕ ಕಳೆದಿರಲಿಲ್ಲ. ಅಂಗಳದಲ್ಲಿ ಸತ್ತು ಬಿದ್ದಿದ್ದ ಹಸುವಿನ ಹಣೆಯಲ್ಲಿ ಬಿಳಿಯ ಚಂದ್ರನಿದ್ದ. ನೀಲವ್ವ ಸ್ವಲ್ಪ ಹೊತ್ತು ಅದರ ಪಕ್ಕ ಕೂತಳು. ಆಮೇಲೆ ಚೀಲದಿಂದ ಚಾಕು ತೆಗೆದಳು.

ಪ್ರಯೋಗಾಲಯದಲ್ಲಿ ಅನುಮಾನವೇ ಉಳಿಯಲಿಲ್ಲ. ಶ್ವಾಸಕೋಶ ಹಲಗೆಯಂತೆ ಗಟ್ಟಿಯಾಗಿತ್ತು. ಮೂಕಜ್ವರ. ಬೇರೆ ದೇಶಗಳಲ್ಲಿ ಹಟ್ಟಿಗಟ್ಟಲೆ ದನ ತಿಂದ ರೋಗ. ಅದು ಬಂದ ಹಸು ಮೇಯುತ್ತದೆ, ಹಾಲು ಕೊಡುತ್ತದೆ, ಕಣ್ಣಿಗೆ ಏನೂ ಕಾಣದು. ಉಸಿರಿನಲ್ಲಿ, ಹಂಚಿಕೊಂಡ ಬಾನಿಯ ನೀರಿನಲ್ಲಿ ರೋಗವನ್ನು ಪಕ್ಕದ ಹಸುವಿಗೆ ದಾಟಿಸುತ್ತಿರುತ್ತದೆ. ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಕಾಲ ಮೀರಿರುತ್ತದೆ. ಮದ್ದಿಲ್ಲ, ಲಸಿಕೆಯಿಲ್ಲ. ಮೊದಲೇ ಹಿಡಿಯಬಲ್ಲದ್ದು ಎಂದರೆ ಮೆಲುಕಿನ ಲಯವನ್ನು ಕೇಳುವ ಗಂಟೆಯೊಂದೇ. ತೆರೋಲಿಗೆ ಅದು ಹೇಗೆ ಬಂತೆಂದು ಕೊನೆಗೂ ತಿಳಿಯಲಿಲ್ಲ. ಚಂಡಮಾರುತದಲ್ಲಿ ಒಡೆದ ಹಡಗಿನಿಂದ ದಡಕ್ಕೆ ತೇಲಿಬಂದ ಮೇವಿನಲ್ಲಿ ಇದ್ದಿರಬಹುದು ಎಂದು ಆಮೇಲೆ ಅಂದುಕೊಂಡರು.

ಪಶು ಇಲಾಖೆಯ ನಿರ್ದೇಶಕ ಮಾರ್ಸೆಲ್ ಬಂದರಿನ ಹಳೆಯ ಮನೆತನದವನು, ಮೆತ್ತಗಿನ ಮನುಷ್ಯ. ಬೈಯಲಿಲ್ಲ. ಬೈದಿದ್ದರೆ ನೀಲವ್ವನಿಗೆ ವಾಸಿಯಿತ್ತು. ಹೊರದೇಶಗಳ ಸಂದೇಶ ಬಂದಿದೆ ಎಂದು ಹೇಳಿದ. ರೋಗ ಯಾವ ಕೊಟ್ಟಿಗೆಯಿಂದ ಹೊರಟು ಯಾವ ಯಾವ ಅಂಗಳ ಮುಟ್ಟಿತು ಎಂದು ತೋರಿಸಿ, ಅಷ್ಟು ಕೊಟ್ಟಿಗೆಗಳನ್ನು ಖಾಲಿ ಮಾಡಿದರೆ ಹಡಗು ಬರುತ್ತದೆ. ತೋರಿಸಲಾಗದಿದ್ದರೆ ಮೂರೂ ದ್ವೀಪಗಳಲ್ಲಿ ಒಂದು ಕರುವೂ ಉಳಿಯುವಂತಿಲ್ಲ.

"ಸತ್ತ ಹಸು ಯಾರದು ಎಂದು ಆ ಹೆಂಗಸು ಹೇಳುತ್ತಿಲ್ಲವಂತೆ. ಇಡೀ ಊರೇ ಹೇಳುತ್ತಿಲ್ಲ. ಯಾಕೆ, ನೀಲಾ?" ಎಂದು ಕೇಳಿದ.

ನೀಲವ್ವ ಪದ್ಧತಿಯನ್ನು ವಿವರಿಸಿದಳು. ವಿವರಿಸುತ್ತಿದ್ದಂತೆ ಅವಳಿಗೇ ಒಂದು ತೊಡಕು ಕಾಣಿಸಿತು. ಗಂಟೆ ಬಿಚ್ಚಿ ಕಳಿಸಿದ್ದರೆ ಆ ಗಂಟೆ ಸುಮ್ಮನಿರಬೇಕಿತ್ತು. ಸುಮ್ಮನಿದ್ದರೆ ಕೆಂಪು ಚುಕ್ಕೆ ಬರಬೇಕಿತ್ತು. ಹಾಗಾದರೆ ಆ ಹಸುವಿನ ಗಂಟೆ ಎಲ್ಲಿದೆ? ಸತ್ತ ಹಸುವಿನ ಗಂಟೆ ತಾನು ಕ್ಷೇಮ ಎಂದು ಯಾವ ಬಾಯಿಂದ ಹೇಳುತ್ತಿದೆ?

ಅವಳು ಪರದೆಯ ಮುಂದೆ ಕೂತಳು. ಎಲ್ಲ ಗಂಟೆಗಳು ಕೇಳಿಸಿಕೊಂಡ ಮೆಲುಕಿನ ಸದ್ದನ್ನು ಒಂದರ ಪಕ್ಕ ಒಂದು ಇಟ್ಟು ಹೋಲಿಸುತ್ತ ಹೋದಳು. ಬೇಸರದ ಕೆಲಸ, ಏನು ಹುಡುಕುತ್ತಿದ್ದೇನೆ ಎಂದೂ ಗೊತ್ತಿಲ್ಲದ ಕೆಲಸ. ಊರ ಮೇಲಿನ ಓಣಿಯ ಒಂದು ಕೊಟ್ಟಿಗೆಗೆ ಬಂದಾಗ ಅವಳ ಕೈ ನಿಂತಿತು. ಎರಡು ಗೆರೆಗಳು ಒಂದರ ಮೇಲೊಂದು ಕೂತಿದ್ದವು. ಒಂದು ಹಸು ಅಗಿದಾಗ ಇನ್ನೊಂದೂ ಅಗಿಯುತ್ತಿತ್ತು, ಒಂದು ನುಂಗಿದಾಗ ಇನ್ನೊಂದೂ ನುಂಗುತ್ತಿತ್ತು. ಒಂದು ಸೀನಿದರೆ ಇನ್ನೊಂದೂ ಸೀನುತ್ತಿತ್ತು. ಅವಳಿ ಕರುಗಳಾದರೂ ಹೀಗೆ ಮೆಲುಕು ಹಾಕಲಾರವು. ಎರಡು ಗಂಟೆಗಳು ಒಂದೇ ಕೊರಳಲ್ಲಿದ್ದವು.

ಕೊಟ್ಟಿಗೆ ಯಾರದೆಂದು ಪರದೆಯಲ್ಲಿ ಬರೆದಿತ್ತು. ದ್ಯಾಮವ್ವ.

ಆ ಹೆಸರನ್ನು ನೀಲವ್ವ ಎರಡು ಸಲ ಓದಿದಳು. ದ್ಯಾಮವ್ವ ರಕ್ತಸಂಬಂಧಿಯಲ್ಲ, ಆದರೆ ತಾಯಿಯಿಲ್ಲದ ಕೂಸನ್ನು ಎತ್ತಿ ಆಡಿಸಿ, ತಲೆ ಬಾಚಿ, ಶಾಲೆಗೆ ಕಳಿಸಿದವಳು. ಮಕ್ಕಳಿಲ್ಲದ ಮುದುಕಿ. ಅವಳ ಸಂಸಾರವೆಂದರೆ ಹಡಗಿನಲ್ಲಿ ಬಂದ ತಳಿಯ ಆ ಒಂದು ಕೊಟ್ಟಿಗೆ ದನ. ನೀಲವ್ವ ಅವಳನ್ನು ಆಯಿ ಎನ್ನುತ್ತಿದ್ದಳು.

ಅವಳು ಹೋದಾಗ ಮುದುಕಿ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಮೂಲೆಯಲ್ಲಿ ಇನ್ನೂ ಕರು ಹಾಕದ ಒಂದು ಎಳೆಯ ಕಡಸು ನಿಂತಿತ್ತು. ಕೊರಳಲ್ಲಿ ಎರಡು ಗಂಟೆ. ನೀಲವ್ವ ಅದನ್ನೇ ನೋಡುತ್ತ ನಿಂತಳು. ಈ ಎರಡನೆಯ ಗಂಟೆ ಇಲ್ಲಿಗೆ ಯಾಕೆ ಬಂತು ಎಂದು ಕೇಳಿದಳು.

"ಯಾಕಂದ್ರ? ಬರಿದ ಗಂಟಿ ಕೊಟ್ಟಿಗ್ಯಾಗ ತೂಗಬಾರದು ಕೂಸ. ಆಕಳಾ ಸೂತಕದ ಮನಿಗೆ ಹೋದ್ರ, ಅದು ಬರೂತನಾ ಅದರ ಗಂಟಿ ಇನ್ನೊಂದರ ಕೊಳ್ಳಾಗ ಇರಬೇಕು. ಇಷ್ಟೂ ಗೊತ್ತಿಲ್ಲೇನು ನಿನಗ?"

ಗೊತ್ತಿರಲಿಲ್ಲ. ಎಡವಿದ್ದು ಇಲ್ಲಿಯೇ. ಹಣಮಂತ ಮಾಸ್ತರರ ಮನೆಯಲ್ಲಿ ಎಂದೂ ದನ ಇರಲಿಲ್ಲ. ನೀಲವ್ವನ ಮನೆ ಸೂತಕದ ಆಕಳನ್ನು ಪಡೆದ ಮನೆಯೇ ಹೊರತು ಎಂದೂ ಕೊಟ್ಟ ಮನೆಯಲ್ಲ. ಹಸು ಅಂಗಳಕ್ಕೆ ಬರುವುದನ್ನು ಅವಳು ಬಲ್ಲಳು. ಅದು ಹೊರಟ ಕೊಟ್ಟಿಗೆಯಲ್ಲಿ ಏನು ಮಾಡುತ್ತಾರೆ ಎಂಬುದನ್ನು ಬಲ್ಲವಳಲ್ಲ. ತನ್ನ ಜನರನ್ನು ಪೂರ್ತಿ ಬಲ್ಲೆ ಎಂದುಕೊಂಡು, ಅವರು ಸಂಕಟದಲ್ಲಿ ಮೊಟ್ಟಮೊದಲು ಬಿಚ್ಚಿಡುವ ವಸ್ತುವಿನೊಳಗೇ ತನ್ನ ಯಂತ್ರವನ್ನು ಇಟ್ಟಿದ್ದಳು. ಬಿಲ್ಲೆಯಾಗಿದ್ದರೆ ಹಸುವಿನ ಜೊತೆಯೇ ಹೋಗುತ್ತಿತ್ತು.

ನೀಲವ್ವ ಮಣ್ಣಿನ ನೆಲದ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದಳು. ಹಣೆಯಲ್ಲಿ ಚಂದ್ರನಿದ್ದ ಆ ಹಸು, ಚಂದ್ರಿ, ಸತ್ತದ್ದು ಮುದುಕಿಗೆ ಆಗಲೇ ಗೊತ್ತಿತ್ತು, ಆದರೆ ಅದು ತನ್ನದೆಂದು ಬಾಯಿ ಬಿಟ್ಟು ಅತ್ತಿರಲಿಲ್ಲ. ಈಗಲೂ ಅಳಲಿಲ್ಲ. ಮಾಸ್ತರರ ಮನೆಯಿಂದ ಚಂದ್ರಿ ಮುಂದೆ ಯಾವ ಯಾವ ಮನೆಗೆ ಹೋಯಿತು, ಬೇರೆ ಯಾರು ಯಾರು ಹಸು ಕೊಟ್ಟಿದ್ದರು ಎಂದು ನೀಲವ್ವ ಕೇಳಿದಳು. ಕೈ ಮುಗಿದು ಕೇಳಿದಳು.

"ಕೊಟ್ಟದ್ದನ್ನ ಬಾಯಿಲೆ ಆಡಿದ್ರ ಅದು ಕೊಟ್ಟಂಗಲ್ಲ. ನಾ ಹೇಳಂಗಿಲ್ಲ."

"ಆಯಿ, ಹೇಳದಿದ್ರ ಎಲ್ಲಾ ಹೋಗ್ತಾವು. ಮೂರೂ ದ್ವೀಪದ್ದು. ಹಾಲು ಕುಡಿಯೋ ಕರಾನೂ ಬಿಡಂಗಿಲ್ಲ ಅವರು."

ದ್ಯಾಮವ್ವ ಸಗಣಿಯ ಕೈಯನ್ನು ಹುಲ್ಲಿಗೆ ಒರೆಸಿಕೊಂಡಳು. ಎದ್ದು ಹೋಗಿ ಕಡಸಿನ ಬೆನ್ನು ತುರಿಸಿದಳು. ಅದು ಕೊರಳು ಚಾಚಿದಾಗ ಎರಡೂ ಗಂಟೆಗಳು ಒಟ್ಟಿಗೆ ಸದ್ದು ಮಾಡಿದವು.

"ನನ್ನ ಬಾಯಿ ಬ್ಯಾಡ. ನಿನ್ನ ಗಂಟಿ ಎಲ್ಲಾ ಕೇಳತೈತಂತಲ್ಲ, ಅದನ್ನ ಕೇಳ. ಅದು ಹೇಳಿದ್ರ ಯಾರಿಗೂ ಪಾಪ ಹತ್ತಂಗಿಲ್ಲ."

ಮುದುಕಿ ಹಾಗೆಂದಳೇ ಹೊರತು, ಗಂಟೆಯನ್ನು ಕೇಳಿದರೆ ಮೊದಲು ಖಾಲಿಯಾಗುವುದು ತನ್ನ ಕೊಟ್ಟಿಗೆ ಎಂಬುದು ಅವಳಿಗೆ ಅರ್ಥವಾಗಿತ್ತು. ನೀಲವ್ವನಿಗೂ ಅರ್ಥವಾಗಿತ್ತು. ಇಬ್ಬರೂ ಅದನ್ನು ಆಡಲಿಲ್ಲ. ಹೊರಡುವಾಗ ಮುದುಕಿ ಎಂದಿನಂತೆ ಮಜ್ಜಿಗೆ ಕೊಟ್ಟಳು, ನೀಲವ್ವ ಕುಡಿದಳು.

ಕಂಟ್ರೋಲ್ ರೂಮಿಗೆ ಮರಳಿ ಅವಳು ಗಂಟೆಗಳನ್ನೇ ಕೇಳಿದಳು. ಚಂಡಮಾರುತದಿಂದ ಈಚೆಗೆ ಒಂದೇ ಕೊರಳಲ್ಲಿ ಎರಡು ಗಂಟೆ ಕೂತ ಕೊಟ್ಟಿಗೆಗಳೆಷ್ಟು ಎಂದು ಕಂಪ್ಯೂಟರಿಗೆ ಹುಡುಕಲು ಹೇಳಿದಳು. ಅವು ಕೊಟ್ಟವರ ಮನೆಗಳು. ಆ ದಿನಗಳಲ್ಲಿ ಎಲ್ಲೆಲ್ಲಿ ಸಾವಾಗಿತ್ತು ಎಂಬುದು ಗುಟ್ಟಲ್ಲ. ಅವು ಪಡೆದವರ ಮನೆಗಳು. ಎರಡರ ದಿನಗಳನ್ನೂ ಜೋಡಿಸಿದಾಗ ಚಂದ್ರಿ ನಡೆದ ದಾರಿಯೂ, ಅದು ನಿಂತ ಮನೆಗಳಿಂದ ಮುಂದೆ ಹೋದ ಹಸುಗಳ ದಾರಿಯೂ ಪರದೆಯ ಮೇಲೆ ತಾನಾಗಿ ಮೂಡಿದವು. ಚಂಡಮಾರುತ ಬಹಳ ಜನರನ್ನು ಒಯ್ದಿತ್ತು, ದಾರಿ ಉದ್ದವಿತ್ತು. ಮಾರ್ಸೆಲ್ ಅವಳ ಹಿಂದೆ ನಿಂತು ನೋಡಿದ. ದ್ವೀಪ ಉಳಿಯಿತು ಎಂದ. ಆಮೇಲೆ, ತುಂಬ ಹೊತ್ತು ನೋಡಿದ ಮೇಲೆ, ಇವರೆಲ್ಲ ಒಳ್ಳೆಯವರೇ ಅಲ್ಲವೇ ಎಂದ.

ಪರದೆಯ ಮೇಲೆ ಗುರುತು ಬಿದ್ದದ್ದು ಪೂರ್ತಿ ಕೊಟ್ಟವರ ಮನೆಗಳ ಮೇಲೆ, ಅತ್ತವರ ಮನೆಗಳ ಮೇಲೆ. ಯಾರು ಎಂದೂ ಯಾರ ಅಂಗಳಕ್ಕೂ ಹಸು ಕಳಿಸಿರಲಿಲ್ಲವೋ ಅವರ ಕೊಟ್ಟಿಗೆಗಳು ಕ್ಷೇಮವಾಗಿದ್ದವು. ಊರಿನ ಯಂಕಪ್ಪ ಅವರಲ್ಲಿ ಮೊದಲಿಗ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದ ಯಂಕಪ್ಪನ ದೊಡ್ಡ ಹಟ್ಟಿಯಲ್ಲಿ ಒಂದು ಕರುವಿಗೂ ಭಯವಿರಲಿಲ್ಲ. ನೀಲವ್ವನ ಮನೆಯೂ ಗುರುತು ಬಿದ್ದ ಮನೆಗಳಲ್ಲಿ ಒಂದು. ಅಲ್ಲಿ ಕೊಲ್ಲಲು ಏನೂ ಇರಲಿಲ್ಲ.

ದನ ಕೊಲ್ಲಲು ಇಲಾಖೆ ಕಳಿಸಿದ ಬಂದೂಕಿನವರು ದ್ಯಾಮವ್ವನ ಕೊಟ್ಟಿಗೆಗೆ ಬಂದ ದಿನ ನೀಲವ್ವ ತಾನೇ ಹೋದಳು, ಬೇರೆಯವರನ್ನು ಕಳಿಸಬಹುದಿತ್ತು. ಉಳಿದ ದನಗಳ ಚುಕ್ಕೆಗಳು ಇನ್ನೂ ಹಸಿರಾಗಿಯೇ ಇದ್ದವು. ಹಸಿರಿದ್ದರೂ ಬಿಡುವಂತಿರಲಿಲ್ಲ. ಮುದುಕಿ ಬೆಳಗ್ಗೆಯೇ ಎಲ್ಲಕ್ಕೂ ಮೈ ತೊಳೆದು ಜೋಳದ ನುಚ್ಚು ತಿನ್ನಿಸಿದ್ದಳು. ಒಂದೊಂದರ ಕೊರಳಿಂದಲೂ ಗಂಟೆಯನ್ನು ಬಿಚ್ಚಿದಳು. ಕಡಸಿನದನ್ನು ಕೊನೆಗೆ ಬಿಚ್ಚಿದಳು, ಎರಡನ್ನೂ. ಎಲ್ಲವನ್ನೂ ಉಡಿಯಲ್ಲಿ ತುಂಬಿಕೊಂಡು ಅಂಗಳಕ್ಕೆ ಬಂದು ಕೂತಳು. ಬರಿದಾದ ಗಂಟೆಯನ್ನು ಇನ್ನೊಂದು ಕೊರಳಿಗೆ ಕಟ್ಟಬೇಕು. ಕೊರಳು ಉಳಿದಿರಲಿಲ್ಲ. ಒಳಗಿನಿಂದ ಮೊದಲ ಸದ್ದು ಬಂದಾಗ ಅವಳು ಒಂದೊಂದೇ ಗಂಟೆಯೊಳಗೆ ಹಿಡಿ ಹಿಡಿ ಹುಲ್ಲು ತುರುಕತೊಡಗಿದಳು, ಬರಿದಾಗಿರಬಾರದೆಂದು. ನೀಲವ್ವ ಪಕ್ಕದಲ್ಲಿ ಕೂತು ತಾನೂ ತುರುಕಿದಳು. ಮುದುಕಿ ಅವಳನ್ನು ತಡೆಯಲೂ ಇಲ್ಲ, ಕರೆಯಲೂ ಇಲ್ಲ.

"ನನ್ನ ಚಂದ್ರಿ ನಿಮ್ಮಪ್ಪಗ ಹೋದಾಗ ಛಲೋ ಹಾಲ ಕೊಟ್ಟಳಿಲ್ಲೋ?" ಎಂದಷ್ಟೇ ಕೇಳಿದಳು. ಚಂದ್ರಿ ತನ್ನದೆಂದು ಆಕೆ ಬಾಯಿಬಿಟ್ಟು ಹೇಳಿದ್ದು ಆ ಒಂದು ಸಲ.

ಕೊಟ್ಟಳು ಆಯಿ, ಎಂದಳು ನೀಲವ್ವ. ಅವಳಿಗೆ ಅಳು ತಡೆಯಲಾಗಲಿಲ್ಲ.

ಸಂಜೆ ಕಂಟ್ರೋಲ್ ರೂಮಿನ ಪರದೆಯಲ್ಲಿ ಆ ಕೊಟ್ಟಿಗೆಯ ಚುಕ್ಕೆಗಳೆಲ್ಲ ಕೆಂಪಾಗಿದ್ದವು. ಒಂದೊಂದನ್ನೂ ಕೈಯಾರೆ ಅಳಿಸಬೇಕಿತ್ತು. ನೀಲವ್ವ ಅಳಿಸಿದಳು.

ಹಡಗು ಬಂತು. ಅಕ್ಕಿ ಬಂತು, ಜೋಳ ಬಂತು. ಹೊರದೇಶದವರು ತೆರೋಲಿನ ಗಂಟೆಯನ್ನು ಹೊಗಳಿ ಬರೆದರು. ಇನ್ನು ಮುಂದೆ ಯಾವ ಹಸುವೂ ತನ್ನ ಕೊಟ್ಟಿಗೆ ಬಿಟ್ಟು ಇನ್ನೊಂದು ಅಂಗಳಕ್ಕೆ ಹೋಗಬಾರದು ಎಂದು ಕಾನೂನು ಬಂತು. ಹೋದ ಹಸುವನ್ನು ಅಂದೇ ಕೊಲ್ಲಬೇಕು. ಅದನ್ನು ಕಂಡುಹಿಡಿಯುವ ಏರ್ಪಾಡನ್ನೂ ನೀಲವ್ವನೇ ಮಾಡಿಕೊಟ್ಟಳು. ಎರಡು ಗಂಟೆಗಳು ಒಂದೇ ಲಯದಲ್ಲಿ ಅಗಿಯುವುದು ಕೇಳಿಸಿದರೆ ಮೊದಲು ಅವಳ ಫೋನಿಗೆ ಎಚ್ಚರಿಕೆ. ಹಸು ಒಮ್ಮೆ ಮೆಲುಕು ಹಾಕಿ ಮುಗಿಸುವವರೆಗೂ ಹಾಗೆಯೇ ಇದ್ದರೆ ಬಂದೂಕಿನವರಿಗೆ ತಾನಾಗಿಯೇ ಆದೇಶ. ಅಂಥ ಆದೇಶ ಹೋಗದ ದಿನ ಬೆಳಗ್ಗೆ ಒಂದು ಸಾಲು ಬರುತ್ತಿತ್ತು: ಜೋಡಿ ಇಲ್ಲ, ದ್ವೀಪ ಕ್ಷೇಮ. ಅದೂ ಅವಳೇ ಬರೆದ ಸಾಲು. ದಿನಾ ಅದೇ ಬಂತು.

ಖಾಲಿ ಕೊಟ್ಟಿಗೆಯ ದ್ಯಾಮವ್ವ ಬಹಳ ಕಾಲ ಬಾಳಲಿಲ್ಲ. ಕಾಯಿಲೆಯೇನೂ ಇರಲಿಲ್ಲ. ಬೆಳಗ್ಗೆ ಎದ್ದು ಮಾಡಲು ಕೆಲಸವಿಲ್ಲ ಎನ್ನುತ್ತಿದ್ದಳು, ಒಂದು ದಿನ ಏಳಲಿಲ್ಲ. ಹಿಂದೆ ಮುಂದೆ ಯಾರೂ ಇಲ್ಲದ ಮುದುಕಿಗೆ ಮಗಳಾಗಿ ನೀಲವ್ವನೇ ಮಣ್ಣು ಹಾಕಿದಳು. ಸೂತಕಕ್ಕೆ ಅವಳ ಮನೆಯಲ್ಲೇ ಉಳಿದಳು. ಒಲೆ ಹಚ್ಚಲಿಲ್ಲ.

ಮಣ್ಣು ಮಾಡಿ ಬಂದ ಸಂಜೆಯೇ ಓಣಿಯವರು ಬರತೊಡಗಿದರು. ಮರುದಿನ ಬೆಳಗಾಗುವವರೆಗೂ ಅವರಿಗೆ ತಾಳ್ಮೆಯಿರಲಿಲ್ಲವೇನೋ, ಅಥವಾ ಹಸು ಬರುವುದಿಲ್ಲ ಎಂಬುದು ಗೊತ್ತಿದ್ದದ್ದರಿಂದ ಹೊತ್ತು ನೋಡುವ ಅಗತ್ಯ ಕಾಣಲಿಲ್ಲವೇನೋ. ಹಿಡಿ ಹುಲ್ಲು ತಂದು ಅಂಗಳದ ಬರಿಯ ಗೂಟದ ಮುಂದೆ ಹಾಕಿ ಹೋದರು. ದುರಗವ್ವ ತಂದಳು. ದನ ಕಳೆದುಕೊಂಡವರೂ, ಇನ್ನು ಹುಲ್ಲು ಕೊಯ್ಯುವ ಕೆಲಸವೇ ಇಲ್ಲದವರೂ, ಎಲ್ಲಿಂದಲೋ ಕೊಯ್ದು ತಂದರು. ನೀಲವ್ವನ ಮುಖವನ್ನು ಯಾರೂ ನೇರ ನೋಡಲಿಲ್ಲ. ಸಿಟ್ಟಿಗೋ ಪದ್ಧತಿಗೋ ಅವಳು ಕೇಳಲಿಲ್ಲ. ಗೂಟದ ಮುಂದೆ ಹುಲ್ಲು ಸೊಂಟದೆತ್ತರ ಬೆಳೆಯಿತು.

ಬೆಳಗಿನ ಜಾವ ಫೋನು ನಡುಗಿತು. ಜೋಡಿ ಇಲ್ಲ ಎಂಬ ಸಾಲಿರಬೇಕು ಎಂದುಕೊಂಡು ನೋಡಿದಳು. ಜೋಡಿ ಇದೆ ಎಂದಿತ್ತು. ಸಣ್ಣ ಬಾಗೇವಾಡಿ, ಯಂಕಪ್ಪನ ಹಟ್ಟಿ.

ಹೊರಗೆ ಏನೋ ಅಗಿಯುವ ಸದ್ದು ಕೇಳಿಸುತ್ತಿತ್ತು. ನೀಲವ್ವ ಬಾಗಿಲು ತೆರೆದಳು. ಅಂಗಳದ ಗೂಟಕ್ಕೆ ಕರಿಯ ಹಸುವೊಂದನ್ನು ಕಟ್ಟಿದ್ದರು. ಕೊರಳು ಬರಿದಾಗಿತ್ತು. ಊರೆಲ್ಲ ತಂದು ಹಾಕಿದ್ದ ಹುಲ್ಲನ್ನು ಅದು ನಿಧಾನವಾಗಿ ತಿನ್ನುತ್ತಿತ್ತು. ಕೆಚ್ಚಲು ತುಂಬಿತ್ತು. ಯಂಕಪ್ಪ, ಹುಟ್ಟಿದಾಗಿನಿಂದ ಯಾರಿಗೂ ಏನನ್ನೂ ಕೊಡದಿದ್ದ ಯಂಕಪ್ಪ, ಊರಿನಲ್ಲಿ ಕೊಡಲು ಹಸು ಉಳಿದಿದ್ದುದು ತನ್ನಂಥವರ ಬಳಿ ಮಾತ್ರ ಎಂದು ತಿಳಿದು ಮೊದಲ ಸಲ ಕೊಟ್ಟಿದ್ದ. ಕಾನೂನು ಅವನಿಗೂ ಗೊತ್ತಿತ್ತು. ಗಂಟೆಯನ್ನು ತನ್ನ ಹಟ್ಟಿಯ ಒಂದು ಕಡಸಿನ ಕೊರಳಿಗೆ ಕಟ್ಟಿದರೆ ಯಾರಿಗೂ ತಿಳಿಯದು ಎಂದುಕೊಂಡಿದ್ದ, ಅಷ್ಟೇ.

ನೀಲವ್ವನಿಗೆ ಅದರ ಕೊರಳಿಗೆ ಒರಗಬೇಕು ಅನ್ನಿಸಿತು. ಬೊಗಸೆ ಹಾಲಾದರೂ ಕುಡಿಯಬೇಕು ಅನ್ನಿಸಿತು, ದ್ಯಾಮವ್ವನ ಹೆಸರಿನಲ್ಲಿ. ಆದರೆ ಅತ್ತ ಹಟ್ಟಿಯಲ್ಲಿ ಕಡಸು ಮೆಲುಕು ಹಾಕುತ್ತಿತ್ತು. ಅದು ಮುಗಿಯುವುದರೊಳಗೆ ಈ ಗಂಟೆ ಈ ಕೊರಳಿಗೆ ಮರಳದಿದ್ದರೆ ಬಂದೂಕಿನವರಿಗೆ ಆದೇಶ ಹೋಗುತ್ತದೆ. ಊರಲ್ಲಿ ಬೇರೆ ಯಾರಿಗೂ ಇದು ಗೊತ್ತಿಲ್ಲ. ಮಾಡಿದವಳಿಗೆ ಗೊತ್ತು.

ಅವಳು ಹಗ್ಗ ಬಿಚ್ಚಿದಳು. ಹಸು ಹುಲ್ಲು ಬಿಟ್ಟು ಬರಲು ಒಪ್ಪಲಿಲ್ಲ, ಅವಳು ಎಳೆದಳು. ಸೂತಕದ ಆಕಳನ್ನು ಅಂಗಳದಿಂದ ಹಿಂದಕ್ಕೆ ಕಳಿಸಿದ ಮನೆ ತೆರೋಲಿನಲ್ಲಿ ಅದುವರೆಗೆ ಒಂದೂ ಇರಲಿಲ್ಲ. ಅದಕ್ಕಿಂತ ದೊಡ್ಡ ಅವಮಾನವೂ ಇರಲಿಲ್ಲ. ಓಣಿಯುದ್ದಕ್ಕೂ ಬಾಗಿಲುಗಳು ಮುಚ್ಚಿಯೇ ಇದ್ದವು, ಆದರೆ ಹಸುವಿನ ಹೆಜ್ಜೆ ಸದ್ದು ಯಾವ ಕಡೆಗೆ ಹೋಗುತ್ತಿದೆ ಎಂದು ಒಳಗಿನವರಿಗೆಲ್ಲ ಕೇಳಿಸುತ್ತಿತ್ತು.

ಯಂಕಪ್ಪ ಹಟ್ಟಿಯ ಬಾಗಿಲಲ್ಲೇ ಕೂತಿದ್ದ. ಮೊದಲ ಸಲ ಕೊಟ್ಟವನಿಗೆ ನಿದ್ದೆ ಬಂದಿರಲಿಕ್ಕಿಲ್ಲ. ಹಸುವನ್ನು ಕಂಡು ಎದ್ದು ನಿಂತ. ನೀಲವ್ವ ಅವನನ್ನು ದಾಟಿ ಒಳಗೆ ಹೋಗಿ, ಮಲಗಿ ಮೆಲುಕು ಹಾಕುತ್ತಿದ್ದ ಕಡಸಿನ ಕೊರಳಿಂದ ಎರಡನೆಯ ಗಂಟೆಯನ್ನು ಬಿಚ್ಚಿದಳು. ಕರಿಯ ಹಸುವಿನ ಕೊರಳಿಗೆ ಕಟ್ಟಿದಳು. ಅವಸರಕ್ಕೆ ಗಂಟು ಎರಡು ಸಲ ತಪ್ಪಿತು. ಹೊರಗೆ ಬಂದಾಗ ಯಂಕಪ್ಪ ಕೇಳಿದ.

"ನನ್ನ ಆಕಳದ ಹಾಲ ದ್ಯಾಮವ್ವನ ಸೂತಕಕ್ಕ ಆಗಂಗಿಲ್ಲೇನವಾ?"

ಜೀವಮಾನವೆಲ್ಲ ಜಿಪುಣ ಎನ್ನಿಸಿಕೊಂಡವನ ಮುಖ ಅವಳಿಗೆ ಆ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ನಿನ್ನ ಹಸು ಬದುಕಲಿ ಎಂದು ಹಿಂದಕ್ಕೆ ತಂದಿದ್ದೇನೆ ಎನ್ನಬಹುದಿತ್ತು. ಹಾಗೆ ಅಂದಿದ್ದರೆ, ಗಂಟೆ ಕಡಸಿನ ಕೊರಳಲ್ಲಿದ್ದರೂ ತನಗೆ ಕೇಳಿಸುತ್ತದೆ ಎಂದೂ ಹೇಳಬೇಕಾಗುತ್ತಿತ್ತು. ಹೇಳಿದರೆ ನಾಳೆ ಯಾರಾದರೂ ಗಂಟೆಯನ್ನು ಜೋಡಿಯಾಗದಂತೆ ಯಾವುದೋ ಆಡಿನ ಕೊರಳಿಗೆ ಕಟ್ಟಿ ಹಸು ಕೊಡುತ್ತಾರೆ. ಈ ಜನ ಕೊಡದೆ ಇರಲಾರರು. ಆಗ ಮೂಕಜ್ವರ ಬಂದರೆ ಯಾವ ಗಂಟೆಗೂ ತಿಳಿಯದು, ಚಂದ್ರಿಯ ದಾರಿ ಇನ್ನೊಮ್ಮೆ ಶುರುವಾಗುತ್ತದೆ.

"ಆಗಂಗಿಲ್ಲ ಯಂಕಪ್ಪಣ್ಣ," ಎಂದಳು.

ಅವನು ತಲೆಯಾಡಿಸಿದ. ಹಸುವಿನ ಹಗ್ಗ ಹಿಡಿದು ಒಳಗೆ ಹೋದ.

ನೀಲವ್ವ ದ್ಯಾಮವ್ವನ ಮನೆಗೆ ಮರಳಿದಾಗ ಬೆಳಕು ಹರಿದಿತ್ತು. ದುರಗವ್ವ ಅಂದಿನ ಹುಲ್ಲು ತಂದು ಗೂಟದ ಮುಂದೆ ಹಾಕುತ್ತಿದ್ದಳು. ಅವಳು ನೀಲವ್ವನ ಬರಿಗೈ ನೋಡಿದಳು, ಹುಲ್ಲನ್ನು ನೋಡಿದಳು, ಸುಮ್ಮನೆ ಹೋದಳು. ಫೋನಿಗೆ ಎಂದಿನ ಸಾಲು ಬಂತು. ಜೋಡಿ ಇಲ್ಲ, ದ್ವೀಪ ಕ್ಷೇಮ. ರಾಶಿಯ ಒಂದು ಬದಿಯನ್ನು ಹಸು ತಿಂದು ಹಳ್ಳ ಮಾಡಿತ್ತು. ನೀಲವ್ವ ಅದರ ಪಕ್ಕದಲ್ಲಿ ಕೂತಳು. ಸೂತಕ ಕಳೆಯುವ ತನಕ ಓಣಿಯವರು ದಿನಾ ಹುಲ್ಲು ತಂದು ಹಾಕಿದರು. ಹಸು ತಿಂದ ಆ ಜಾಗದ ಮೇಲೆ ಹುಲ್ಲು ಬೀಳದ ಹಾಗೆ ಅವಳು ನೋಡಿಕೊಂಡಳು.